ಏಪ್ರಿಲ್‌ಗೆ ನಡೆದ ಬಾವಿ

“ಏ ಭಾಗ್ಯಾ, ನಿಮ್ಮ ಗುರಲಿಂಗಪ್ಪ ಕಾಕಾ ಬರೂ ಏಪ್ರಿಲ್ ತಿಂಗಳದ ನೀರನೂ ಈಗ ಅಳದ ಇಟ್ಟಾನಲ್ಲಲೇ!”

ಗೆಳತಿ ಪ್ರಿಯದರ್ಶಿನಿ ಕೂಗಿದ ರಭಸಕ್ಕೆ ಸಿಂದಗಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯೆಲ್ಲ ತಿರುಗಿ ನೋಡಿತು. 2009ರ ಫೆಬ್ರುವರಿ, ಮೊದಲ ವಾರ. ಪರದೆಯ ಮೇಲೆ ನಾಲ್ಕು ತಾಲ್ಲೂಕಿನ ನಾಲ್ಕು ಬಾವಿಗಳ ನೀರಿನ ಮಟ್ಟದ ಗೆರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಗೆರೆಗಳು ಜನವರಿಗೆ ಬಂದು ನಿಂತಿದ್ದವು. ಬಸವನ ಬಾಗೇವಾಡಿಯದು, ಅಂದರೆ ಮನಗೂಳಿ ಹತ್ತಿರದ ನಮ್ಮ ಕಾಕಾನ ಬಾವಿಯ ನೀಲಿ ಗೆರೆ ಮಾತ್ರ ನಿಲ್ಲದೆ, ಇನ್ನೂ ಹುಟ್ಟಿರದ ಬಿಸಿಲಿನೊಳಗೆ ನಡೆದುಬಿಟ್ಟಿತ್ತು.

ಜೋರಾಗಿ ನಕ್ಕೆ. ಆಮೇಲೆ ಕಣ್ಣು ಅಲ್ಲೇ ಅಂಟಿಕೊಂಡಿತು. ಗೆರೆಯ ತುದಿಯಲ್ಲಿ ಬೇವು ಹೂ ಬಿಟ್ಟಿದೆ, ಪರೀಕ್ಷೆ ಮುಗಿದಿದೆ, ನಾನು ಬಾವಿಯ ಮೆಟ್ಟಿಲ ಮೇಲೆ ಕೂತು ತಣ್ಣನೆಯ ನೀರಿಗೆ ಕಾಲು ಇಳಿಬಿಟ್ಟಿದ್ದೇನೆ. ಯಾವ ಮೀನೋ ಹೆಬ್ಬೆರಳು ಮುಟ್ಟಿ ಹೋದಂತಾಯಿತು.

“ಕನಸ ಸಾಕ ಮಾಡ, ಸರ್ ಬಂದ್ರು,” ಪ್ರಿಯದರ್ಶಿನಿ ತಿವಿದಳು.

ಸಂಜೀವಕುಮಾರ ಸರ್ ಕನ್ನಡಕ ಏರಿಸಿ ನೋಡಿದರು. “ಏನವಾ ಇದು, ಭವಿಷ್ಯ ಹೇಳೂ ಬಾವಿ? ನಿಮ್ಮ ಕಾಕಾ ಕಟ್ಟಿ ಮ್ಯಾಲ ಕುಂತ ಮನಸಿಗಿ ಬಂದಂಗ ಬರದಾನ. ನಾಳೆ ಮಧ್ಯಾಹ್ನ ಗ್ರಾಫ್ ಬಿಜಾಪುರದ ಪ್ರದರ್ಶನಕ್ಕ ಹೋಗಬೇಕು. ಅಷ್ಟರಾಗ ಸರಿ ಆಗಲಿಲ್ಲಂದ್ರ ಈ ಗೆರಿ ತಗದ ಒಗೀತೇನಿ. ಮೂರ ಬಾವಿ ಸಾಕು.”

‘ನಿಮ್ಮ ಬಾವಿ ಪರದೆ ಮೇಲೆ ಬರ್ತದೆ’ ಎಂದು ಆಣೆ ಮಾಡಿ ಕಾಕಾ ಎಂಟು ವರ್ಷ ನೀರಳೆದು ಬರೆದಿಟ್ಟ ವಹಿ ತಂದವಳು ನಾನು. ಉಳಿದ ಮೂರು ಬಾವಿಗಳ ಲೆಕ್ಕ ತಾರೀಖಿನ ಸಮೇತ ಸಿಕ್ಕಿತ್ತು. ಕಾಕಾನ ವಹಿಯ ಮೊದಲ ಪುಟದಲ್ಲಿ ‘2001, ಸಂಕ್ರಮಣ ಆದ ಮೇಲೆ’ ಅಂತಷ್ಟೇ ಇತ್ತು. ಆಮೇಲೆ ಸಾಲಿಗೊಂದು ಅಂಕಿ, ಫೂಟಿನಲ್ಲಿ. ಅವನ್ನು ಮೀಟರ್ ಮಾಡಿದೆ. ತಾರೀಖಿಲ್ಲದೆ ಸಾಫ್ಟ್‌ವೇರ್ ಗೆರೆ ಎಳೆಯುವುದಿಲ್ಲ. ಅದಕ್ಕೆ ಮೊದಲ ಸಾಲಿಗೆ ಜನವರಿ, ಎರಡನೆಯದಕ್ಕೆ ಫೆಬ್ರುವರಿ ಎಂದು ನಾನೇ ಹೊಡೆಯುತ್ತ ಹೋಗಿದ್ದೆ.

ಈಗ ಎಣಿಸಿದೆ. 2001ರ ಜನವರಿಯಿಂದ ಈ ಜನವರಿವರೆಗೆ ತಿಂಗಳು ತೊಂಬತ್ತೇಳು. ಸಾಲು ನೂರು.

ಹೊರಗೆ ಓಡಿ ಫೋನ್ ಹಚ್ಚಿದೆ. ಅತ್ತ ಕುರಿಗಳ ಸದ್ದು.

“ಕಾಕಾ, ನೀವು ತಿಂಗಳಾ ಯಾವ ತಾರೀಖಿಗಿ ಅಳೀತಿದ್ರಿ?”

“ತಾರೀಖ ಯಾಕ ಬೇಕ ತಂಗಿ? ಅಮಾಸಿ ಅಮಾಸಿಗಿ ಹಗ್ಗ ಬಿಡ್ತೇನಿ. ಅವತ್ತ ಎತ್ತ ಹೂಡಂಗಿಲ್ಲ, ಕೈ ಖಾಲಿ ಇರ್ತಾವ.”

“ಮತ್ತ ಮೂರ ಸಾಲ ಹೆಚ್ಚಾಗ್ಯಾವಲ್ರಿ!”

“ಅಧಿಕ ಮಾಸ ಬರಂಗಿಲ್ಲೇನು? ಆ ವರ್ಷ ಹದಿಮೂರ ಅಮಾಸಿ. ಎಂಟ ವರ್ಷದಾಗ ಮೂರ ಸಲ ಬಂದಾವ. ಕಾಲೇಜಿನ್ಯಾಗ ಇದ ಕಲಸಂಗಿಲ್ಲ?”

ಬೆನ್ನ ಹಿಂದೆ ಪ್ರಿಯದರ್ಶಿನಿ ಕಿಸಕ್ಕನೆ ನಕ್ಕಳು. ನನಗೆ ನೂರು ಕತ್ತಲ ಚಂದ್ರರು ಸಾಲಾಗಿ ಬಾವಿಗೆ ಇಳಿದು, ನೀರು ಮುಟ್ಟಿ, ಸದ್ದಿಲ್ಲದೆ ಮೇಲೇರಿದಂತೆ ಕಂಡಿತು. ಕಾಕಾ ಒಂದನ್ನೂ ಬಿಟ್ಟಿರಲಿಲ್ಲ. ತಿಂಗಳು ಹಾಕಿದ ಕೈ ನನ್ನದು.

ಒಳಗೆ ಹೋಗಿ ಸರ್‌ಗೆ ಹೇಳಿದೆ. ಅವರು ಗಲ್ಲ ಕೆರೆದುಕೊಂಡರು. “ತಪ್ಪ ನಿಂದ ಅನ್ನು. ನೂರ ಅಮಾಸಿಗೂ ಖರೇ ತಾರೀಖ ಹಾಕು, ಗೆರಿ ಜನೆವರಿಗಿ ಬಂದ ನಿಂತ್ರ ಇಡ್ತೇನಿ. ಆದ್ರ ತಾರೀಖ ಎಲ್ಲಿಂದ ತರ್ತಿ?”

ಫೋನ್ ಇನ್ನೂ ಕೈಯಲ್ಲೇ ಇತ್ತು, ಕಟ್ ಮಾಡಿರಲಿಲ್ಲ. ಕಾಕಾ ಎಲ್ಲ ಕೇಳಿಸಿಕೊಂಡಿದ್ದ.

“ಎಂಟೂ ವರ್ಷದ ಪಂಚಾಂಗ ನಮ್ಮ ಜಂತ್ಯಾಗ ಸಿಗಿಸೇನಿ. ತರಲ್ಯಾ?”

“ತರ್ರಿ ಕಾಕಾ! ನಾಳೆ ಮುಂಜಾನೆ ಎಂಟಕ್ಕ ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ.”

“ಏಳಕ್ಕ ಬಾ,” ಅಂದ ಕಾಕಾ. “ಮೊದಲನೇ ಗಾಡಿಗೇ ಬರ್ತೇನಿ.”