ಎಲೆಯ ಕುಡಿ

ಕುಡಿಯನ್ನು ಯಾವ ಕಡೆಗೆ ಮಾಡಬೇಕೆಂದು ತಿಳಿಯದೆ ಚಂಪಾ ತೊಳೆದ ಬಾಳೆ ಎಲೆಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಬದುಕಿದ್ದವರಿಗೆ ಬಡಿಸುವಾಗ ಎಲೆಯ ಕುಡಿ ಎಡಗಡೆಗೆ, ಸತ್ತವರಿಗಾದರೆ ಬಲಗಡೆಗೆ. ಅವಳ ಅಮ್ಮ ಕಲಿಸಿದ ಕ್ರಮ ಇದು. ಬದುಕಿದ್ದವನಿಗೆ ಬಲಕ್ಕೆ ಮಾಡಿದರೆ ಅವನ ಆಯುಷ್ಯ ಸವೆಯುತ್ತದೆ, ಸತ್ತವನಿಗೆ ಎಡಕ್ಕೆ ಮಾಡಿದರೆ ಅವನು ಅಷ್ಟು ದೂರ ಬಂದೂ ಬರಿಹೊಟ್ಟೆಯಲ್ಲಿ ಹಿಂದೆ ಹೋಗುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ತುಳುನಾಡಿನವರಿಗೆ ಹೊಸತಲ್ಲ. ಮುಂಬಯಿಯ ಸಾಂತಾಕ್ರೂಜಿನ ಈ ಎರಡು ಕೋಣೆಯ ಮನೆಯಲ್ಲೂ ಐವತ್ತು ವರ್ಷಕ್ಕೂ ಮೇಲಿನಿಂದ ಅಡುಗೆಮನೆಯ ಕಿಟಕಿಯ ಕೆಳಗೆ ಕುಡಿ ಬಲಕ್ಕೆ ಮಾಡಿದ ಒಂದು ಎಲೆ ಬೀಳುತ್ತಿತ್ತು. ಅದು ಚಂಪಾಳ ತಮ್ಮ ಕೊರಗನ ಎಲೆ. ಊರೆಲ್ಲ ನೆರೆ ಬಂದು ನೀರು ಬಿಲ್ಡಿಂಗಿನ ಮೆಟ್ಟಿಲು ಹತ್ತಿದ ವರ್ಷವೂ ಅದು ತಪ್ಪಿರಲಿಲ್ಲ. ಆ ಸಲ ಎಲೆ ಸಿಗದೆ ಸ್ಟೀಲಿನ ತಟ್ಟೆಯಲ್ಲಿ ಬಡಿಸಿದ್ದಳು. ತಟ್ಟೆಗೆ ಕುಡಿ ಎಲ್ಲಿಯದು ಎಂದು ಆಗ ಯೋಚನೆಯೇ ಬಂದಿರಲಿಲ್ಲ.

ಈ ವರ್ಷದ ಯೋಚನೆಯನ್ನು ತಂದು ಹಾಕಿದ್ದು ಮೊಮ್ಮಗಳು ಯಕ್ಷಿತಾ. ಹಿಂದಿನ ಭಾನುವಾರ ಅವಳು ಅಮೋಲ್ ಎಂಬ ಹುಡುಗನನ್ನು ಮನೆಗೆ ಕರೆತಂದಳು. ಪರೇಲಿನ ಆಫೀಸಿನಲ್ಲಿ ಅವಳ ಪಕ್ಕದ ಕುರ್ಚಿಯವನು. ರಜೆ ಸಿಕ್ಕರೆ ಸಾಕು, ಕೊಂಕಣದ ಕಡಲಿಗಿಳಿದು, ತಳದಲ್ಲಿ ಬಿದ್ದ ಹಳೆಯ ಹಡಗುಗಳನ್ನು ನೋಡಿ ಅವುಗಳ ಚರಿತ್ರೆ ಬರೆಯುವ ಹುಚ್ಚು ಅವನಿಗೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಚಂಪಾ ಮನಸ್ಸಿನಲ್ಲೇ ನಕ್ಕು, ಚಹಾಕ್ಕೆ ಇಟ್ಟಳು.

"ಅಜ್ಜಿ, ಅಜ್ಜನ ಶಿಪ್ಪು ಇವನಿಗೆ ಸಿಕ್ಕಿತು. ಮತ್ಲಬ್, ನೀರಿನ ಒಳಗೆ," ಎಂದಳು ಯಕ್ಷಿತಾ.

ಹಡಗಿನ ಹೆಸರು ಚಂದ್ರಭಾಗಾ. ಕಲ್ಲಿದ್ದಲು ಉರಿಸಿ ಓಡುವ ಸರಕು ಹಡಗು. ಚಂಪಾಳ ಗಂಡ ದೂಮಪ್ಪ ಅದರಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ, ಕೊರಗ ಅಡುಗೆಯವನ ಕೈಕೆಳಗೆ. ಮಂಗಳೂರು ಹೆಂಚು ತುಂಬಿಕೊಂಡು ಮುಂಬಯಿಗೆ ಹೊರಟ ಹಡಗು ಮಳೆಗಾಲದ ನಡುವೆ ರತ್ನಾಗಿರಿಯ ಕೆಳಗಿನ ಬಂಡೆಗಳಿಗೆ ಬಡಿಯಿತು. ಕೊರಗ ಅಲ್ಲೇ ಮುಳುಗಿದನೆಂದು ದೂಮಪ್ಪ ಬಂದು ಹೇಳಿದ್ದ. ಅಮೋಲ್ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹಡಗು ಎರಡು ತುಂಡಾಗಿ ಬಿದ್ದಿತ್ತು. ಹೆಂಚುಗಳು ಮಾತ್ರ ಮರಳಿನಲ್ಲಿ ಸಾಲಾಗಿ, ಯಾರೋ ಈಗಷ್ಟೇ ಜೋಡಿಸಿಟ್ಟ ಹಾಗೆ ಇದ್ದವು. ಚಂಪಾ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಹೆಂಚಲ್ಲ.

ಹುಡುಗ ತನ್ನ ಹಿಂದಿಯಲ್ಲಿ ಎಲ್ಲ ವಿವರವಾಗಿ ಹೇಳಿದ. ನೀರು ನುಗ್ಗಿ ಬೆಂಕಿ ಆರಿದ್ದು, ಎಂಜಿನ್ನು ನಿಂತ ಹಡಗನ್ನು ಗಾಳಿ ಎಳೆದೊಯ್ದದ್ದು, ದಡದ ಊರಿನ ಮೀನುಗಾರರು ಹಗ್ಗ ಎಸೆದು, ದೋಣಿ ಇಳಿಸಿ ಜನರನ್ನು ಎಳೆದು ತಂದದ್ದು. ಆ ಊರಿನಲ್ಲಿ ನಾರಳೀ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವಾಗ ಇವತ್ತಿಗೂ ಒಂದು ಕಾಯಿ ಹೆಚ್ಚು ಕೊಡುತ್ತಾರಂತೆ. ರುಕ್ಮಿಣಿಬಾಯಿ ಎಂಬ ಮುದುಕಿ ಅದರ ಕಾರಣ ಹೇಳಿದಳಂತೆ. ಆ ಹಡಗಿನಲ್ಲಿ ಒಬ್ಬನೂ ಸಾಯಲಿಲ್ಲ, ಅದಕ್ಕೆ.

"ಏಕ್ ಭೀ ನಹೀ, ಅಜ್ಜಿ," ಎಂದ ಅಮೋಲ್, ಸಿಹಿಸುದ್ದಿ ಕೊಟ್ಟವನ ಮುಖದಲ್ಲಿ.

ಚಂಪಾ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಆ ಊರಿನವರು ಯಾರೂ ಸಾಯಲಿಲ್ಲವೆಂದು ಕಾಯಿ ಕೊಡುತ್ತಾರೆ, ತಾನು ಒಬ್ಬ ಸತ್ತನೆಂದು ಎಲೆ ಹಾಕುತ್ತೇನೆ. ಕಡಲು ಒಂದೇ, ಹಡಗೂ ಒಂದೇ. ತಲೆ ಮೊಸರು ಗಡಿಗೆಯಾಯಿತು. ಹೊರಗೆ ಅಮೋಲ್ ಇನ್ನೊಂದು ಮಾತು ಹೇಳುತ್ತಿದ್ದ. ಎಲ್ಲರೂ ಲಾರಿ ಹತ್ತಿ ಹೋದ ಮೇಲೆ ಮಂಗಳೂರಿನವನೊಬ್ಬ ಪೂರ್ಣಿಮೆಯ ತನಕ ಅದೇ ಊರಲ್ಲಿ ಉಳಿದಿದ್ದನಂತೆ. ಆಮೇಲೆ ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ.

ಅದು ಕೊರಗನೇ ಇರಬೇಕೆಂದು ಅವಳ ಎದೆ ಹಾರಿತು. ಮರುಗಳಿಗೆಗೆ ನೆನಪಾಯಿತು, ದೂಮಪ್ಪ ಮನೆಗೆ ಬಂದದ್ದೂ ತಡವಾಗಿಯೇ. ಕಾಲಿಗೆ ಗಾಯವಾಗಿತ್ತೆಂದು ಹೇಳಿದ್ದ. ಹಾಗಾದರೆ ಉಳಿದವನು ಅವನೇ ಇರಬಹುದಲ್ಲ.

ಕೇಳೋಣವೆಂದರೆ ದೂಮಪ್ಪನ ನೆನಪು ಈಗ ಅವನ ಕೈಯಲ್ಲಿಲ್ಲ. ಮೇಲೆ ವಿಮಾನ ಹಾದುಹೋದರೆ ಎಂಜಿನ್ನಿಗೆ ಕಲ್ಲಿದ್ದಲು ಕಡಿಮೆಯಾಯಿತು ಎನ್ನುತ್ತಾನೆ. ಹಡಗು ಬಿಟ್ಟ ಮೇಲೆ ಪರೇಲಿನ ಮಿಲ್ಲೊಂದರಲ್ಲಿ ನಡೆಸಿದ ಕ್ಯಾಂಟೀನು ಎಂದೋ ಮುಚ್ಚಿದೆ. ಅದರ ಬಾಗಿಲು ತೆಗೆದರೋ ಎಂದು ದಿನವೂ ವಿಚಾರಿಸುತ್ತಾನೆ. ಆದರೂ ಸೋಮವಾರ ಬೆಳಿಗ್ಗೆ ಚಂಪಾ ಅವನ ಕೈಗೆ ಚಹಾದ ಲೋಟ ಕೊಟ್ಟು ಕೇಳಿಯೇಬಿಟ್ಟಳು.

"ಇವರೇ, ನಮ್ಮ ಕೊರಗ ಹೇಗೆ ಹೋದದ್ದು?"

"ಕೈ ಹಿಡ್ದಿದ್ದೆ," ಎಂದ ದೂಮಪ್ಪ, ಅಂಗೈ ನೋಡಿಕೊಳ್ಳುತ್ತ. "ಎಣ್ಣೆ ಮೆತ್ತಿದ ಕೈ. ಜಾರಿತು."

ಅದೇ ಹಳೆಯ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಚಂಪಾಳಿಗೆ ಸಮಾಧಾನವೇ ಆಯಿತು. ಸತ್ತವನು ಸತ್ತೇ ಇದ್ದಾನೆ, ಊರಿನ ಮುದುಕಿಯರು ಹೇಳುವುದಕ್ಕೆಲ್ಲ ತಲೆ ಕೊಟ್ಟರೆ ಆಗುತ್ತದೆಯೇ ಎಂದುಕೊಂಡಳು. ಆ ಸಮಾಧಾನ ಬುಧವಾರದ ತನಕ ಬಾಳಿತು. ಅಂದು ಅವಳು ಅವನ ಕಾಲಿನ ಉಗುರು ತೆಗೆಯುತ್ತಿದ್ದಾಗ, ಯಾರೂ ಏನೂ ಕೇಳದೆಯೇ, ದೂಮಪ್ಪ ಬಾಯಿ ತೆರೆದ.

"ಭಾವ, ನಾನು ಮುಳುಗಿದೆ ಅಂತ ಹೇಳಿಬಿಡಿ ಅಂದ. ಅಕ್ಕ ನಾಲ್ಕು ದಿನ ಅಳ್ತಾಳೆ, ಮತ್ತೆ ಸುಮ್ಮನಾಗ್ತಾಳೆ ಅಂದ."

ಚಂಪಾಳ ಕೈ ನಿಂತಿತು. "ಯಾರು ಅಂದದ್ದು? ಕೊರಗನಾ?"

"ಯಾರು?" ಎಂದು ದೂಮಪ್ಪ ಅವಳನ್ನೇ ಕೇಳಿದ. "ಕ್ಯಾಂಟೀನಿನ ಬೀಗದ ಕೈ ಯಾರ ಹತ್ರ ಉಂಟು?"

ಎಷ್ಟು ಕೆದಕಿದರೂ ಅಷ್ಟೇ. ಮುಂಚಿನ ಮಾತು ನಿಜವೋ, ಈಗಿನದು ನಿಜವೋ, ಎರಡೂ ಕನಸೋ. ಹಡಗು ಒಡೆದ ಆ ವರ್ಷ ಕೊರಗನಿಗೆ ಹುಡುಗಿ ಗೊತ್ತು ಮಾಡಿದ್ದು ಚಂಪಾಳೇ, ದೂಮಪ್ಪನ ಚಿಕ್ಕಪ್ಪನ ಮಗಳನ್ನು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಟ್ಟೆಯಲ್ಲಿದ್ದ ಬಂಗುಡೆಯ ಮುಳ್ಳು ಬಿಡಿಸುತ್ತ ಕೂತಿದ್ದ. ನಾಚಿಕೆ ಎಂದು ಇವಳು ತಿಳಿದಿದ್ದಳು. ಈಗ ಆ ಮುಖವನ್ನು ಮತ್ತೆ ಮತ್ತೆ ನೆನೆದರೂ ಅದು ನಾಚಿಕೆಯೋ ಅಲ್ಲವೋ ಗೊತ್ತಾಗಲಿಲ್ಲ. ನಾಲ್ಕು ದಿನವಂತೆ! ಸಿಟ್ಟು ಉಕ್ಕಿತು. ಅದರ ಬೆನ್ನಿಗೇ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಇವತ್ತು ದಾದರಿನಿಂದ ಎಲೆ ತಂದುಕೊಟ್ಟವಳೂ ಯಕ್ಷಿತಾಳೇ. ಅಜ್ಜಿ ಎಲೆ ಹಿಡಿದು ಕೂತದ್ದನ್ನು ನೋಡಿ ಅವಳು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಸಾರಿ ಅಜ್ಜಿ. ನಾನು ಅವನನ್ನು ತರಬಾರದಿತ್ತು. ಅಮೋಲ್ ಫಿರ್ ಸೇ ಹೋಗಿ ಪೂಛ್ತಾನೆ, ಆ ಆದಮಿ ಯಾರು ಅಂತ."

"ಕೇಳಿ ಎಂತ ಮಾಡುವುದು ಮಗಾ?" ಎಂದಳು ಚಂಪಾ. "ಬದುಕಿದ್ದರೆ ಇಷ್ಟು ವರ್ಷ ನನ್ನ ನೆನಪಾಗಲಿಲ್ಲವಾ ಅಂತ ಸಂಕಟ. ಸತ್ತಿದ್ದರೆ ಅವನನ್ನು ನಾನು ಎರಡು ಸಲ ಕಳೆದುಕೊಂಡ ಹಾಗೆ."

ಯಕ್ಷಿತಾಳಿಗೆ ಅಷ್ಟೂ ಅರ್ಥವಾಯಿತೋ ಇಲ್ಲವೋ, ಅಜ್ಜಿಯ ಮೊಣಕಾಲ ಮೇಲೆ ಕೈಯಿಟ್ಟಳು.

ಅತ್ತ ದರಿ, ಇತ್ತ ಪುಲಿ. ಕೊನೆಗೆ ಚಂಪಾ ಎಲೆಯನ್ನು ನೆಲಕ್ಕೆ ಹಾಸಿದಳು. ಕುಡಿ ಎಡಕ್ಕೆ. ತುದಿಗೆ ಉಪ್ಪು ಹಾಕಿದಳು, ಕೆಸುವಿನೆಲೆಯ ಪತ್ರೊಡೆ ಇಟ್ಟಳು, ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು, ಪಕ್ಕದಲ್ಲಿ ಒಂದು ಲೋಟ ನೀರು. ಇಷ್ಟು ವರ್ಷ ಮುಳ್ಳು ಸಮೇತ ಬಡಿಸುತ್ತಿದ್ದ ಮೀನಿನ ಮುಳ್ಳನ್ನು ಈ ಸಲ ಕೂತು ಬಿಡಿಸಿದಳು. ಬದುಕಿದ್ದರೆ ಅವನಿಗೂ ಎಪ್ಪತ್ತು ದಾಟಿದೆ, ಹಲ್ಲು ಇದೆಯೋ ಇಲ್ಲವೋ.

ಅಷ್ಟರಲ್ಲಿ ಕಿಟಕಿಯ ಗ್ರಿಲ್ಲಿಗೆ ಕಾಗೆ ಬಂತು. ಪ್ರತಿ ವರ್ಷ ಅದು ಬರುವ ತನಕ ಮನೆಯಲ್ಲಿ ಯಾರೂ ಅನ್ನ ಮುಟ್ಟುತ್ತಿರಲಿಲ್ಲ. ಬಂದರೆ ಚಂಪಾ ಕಣ್ಣೊರೆಸಿಕೊಂಡು, ಬಾ ತಮ್ಮ, ಉಣ್ಣು ಎನ್ನುತ್ತಿದ್ದಳು. ಕಾಗೆ ಅಭ್ಯಾಸದಂತೆ ತಲೆ ಓರೆ ಮಾಡಿ ಎಲೆಯನ್ನು ನೋಡಿತು.

"ಹುಶ್," ಎಂದಳು ಚಂಪಾ.

ಯಕ್ಷಿತಾ ಬೆಚ್ಚಿ ಅಜ್ಜಿಯ ಮುಖ ನೋಡಿದಳು. ಕಾಗೆ ಹಾರಿ ಎದುರಿನ ಬಿಲ್ಡಿಂಗಿನ ಪೈಪಿನ ಮೇಲೆ ಕೂತಿತು. ಎತ್ತಿದ ಕೈಯನ್ನು ಚಂಪಾ ಮೆಲ್ಲಗೆ ಇಳಿಸಿದಳು. ಅಯ್ಯೋ, ಹಸಿದು ಬಂದವನು ಅವನೇ ಆಗಿದ್ದರೆ ಎಂದು ಪೈಪಿನ ಕಡೆಗೇ ನೋಡಿದಳು.

"ಕೊರಗ ಬಂದನಾ?" ಒಳಗಿನ ಮಂಚದಿಂದ ದೂಮಪ್ಪ ಕೇಳಿದ.

ಚಂಪಾ ಗೋಡೆ ಹಿಡಿದು ಎದ್ದು ಕಿಟಕಿಯನ್ನು ಇನ್ನಷ್ಟು ಅಗಲ ತೆರೆದಳು. ಆಮೇಲೆ ಹೊರಬಾಗಿಲಿಗೆ ಹೋಗಿ, ಸರಪಳಿ ತೆಗೆದು, ಅದನ್ನೂ ತೆರೆದಿಟ್ಟು ಬಂದು ಎಲೆಯ ಮುಂದೆ ಕೂತಳು.