ಓಣಿಗೆ ಸುರಿದ ಕೆಂಪು ಕೆಸರು

ಮುಕ್ತಾ ಎರಡು ಕೊಡ ನೀರು ಹೊತ್ತು ತಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮನೆಯೆದುರಿನ ಕೈಪಂಪಿನ ನೀರು ಕೆಂಪಾಗಿ, ನಾತ ಹೊಡೆದು ಇಪ್ಪತ್ತು ದಿನ. ಈಗ ಮೂರು ಓಣಿ ದಾಟಿ ಹೋಗಬೇಕು.

ಆ ಕೆಂಪು ಎಲ್ಲಿಂದ ಬಂತೆಂದು ತಿಲ್ಜಲಾ ಎಂಬ ಬಂಗಾಳಿ ಕೇರಿಯ ಆ ಓಣಿಗೆಲ್ಲ ಗೊತ್ತು. ಮುಕ್ತಾರ ಗಂಡ ರಘುಪತಿ ಉಡುಪಿ ಕಡೆಯವರು. ಅಣ್ಣಂದಿರು ಹೋಟೆಲು ಹಿಡಿದರೆ, ಇವರು ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ಮಾಡುವ ಸಣ್ಣ ಕಾರ್ಖಾನೆ ಹಾಕಿದರು. ಕಬ್ಬಿಣದ ಪುಡಿ, ಆಮ್ಲ ಹಾಕಿ ಕುದಿಸುವ ಹಳೆಯ ಪದ್ಧತಿ. ಉಳಿಯುವುದು ರಾಶಿ ಕೆಸರು. ಮಳೆ ಬಂದರೆ ನೀರು ನಿಲ್ಲುವ ಓಣಿ, ಎತ್ತರವಾಗಲಿ ಎಂದು ಆ ಕೆಸರನ್ನೇ ಗುಂಡಿಗಳಿಗೆ ತುಂಬಿಸಿದರು. ಉಪಕಾರವೆಂದೇ ಮಾಡಿದ್ದು. ಈಗ ಕೇರಿಯವರು ಪಾರ್ಟಿ ಆಫೀಸಿನಲ್ಲಿ ಸೇರಿ, ದುರ್ಗಾಪೂಜೆಯೊಳಗೆ ಕಾರ್ಖಾನೆ ಎತ್ತಿ ಎಂದಿದ್ದಾರೆ.

"ಹೋದ ವರ್ಷ ಗುಂಡಿ ತುಂಬಿಸಿದಾಗ ಇದೇ ಜನ ನನಗೆ ಸಂದೇಶ್ ಮಿಠಾಯಿ ತಿನ್ನಿಸಿದ್ರು ಮಾರಾಯ್ತಿ," ಎಂದರು ರಘುಪತಿ.

"ತಿಂದದ್ದು ನೀವು. ಹೊರುವುದು ನಾನು," ಎಂದರು ಮುಕ್ತಾ.

ಭಾನುವಾರ ನೀರುದೋಸೆಗೆ ಬರುವ ಮೈಸೂರಿನ ಹುಡುಗಿ ವಿಶಾಲಾಕ್ಷಿ ಇಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಎಲ್ಲ ಕೇಳಿ ಹೇಳಿದಳು:

"ಕಬ್ಬಿಣ ಬಿಡಿ ಅಂಕಲ್. ನೀರಿಗೆ ಕರೆಂಟು ಹಾಯಿಸಿದ್ರೆ ಹೈಡ್ರೋಜನ್ ಬರತ್ತೆ, ಕಬ್ಬಿಣದ ಕೆಲಸ ಅದೇ ಮಾಡತ್ತೆ. ಅದನ್ನ ನಿಮ್ಮ ಕಚ್ಚಾಮಾಲಿರೋ ಮುಚ್ಚಿದ ಪಾತ್ರೆಗೆ ಬಿಟ್ಟು, ಕ್ರಿಯೆ ಚುರುಕು ಮಾಡೋ ಪುಡಿ ಹಾಕಿದ್ರೆ ನಿಮ್ಮ ಮಾಲು ಆಗತ್ತೆ. ಕೆಸರಿನ ಬದಲು ನೀರು ಹುಟ್ಟತ್ತೆ. ಪುಡಿ ಸೋಸಿ ಮತ್ತೆ ಹಾಕ್ಬಹುದು."

"ಹೈಡ್ರೋಜನ್ ಸಿಲಿಂಡರ್ ತರಿಸಿದ್ರೆ ಆಗುದಿಲ್ವಾ?"

"ಅದನ್ನ ಹೆಚ್ಚಾಗಿ ಭೂಮಿಯೊಳಗಿನ ಗ್ಯಾಸಿಂದ ಮಾಡ್ತಾರೆ. ಹೊಗೆ ಇನ್ಯಾರದೋ ಓಣಿಗೆ ಹೋಗತ್ತೆ."

"ನಿನ್ನ ಕರೆಂಟಿಗೂ ಕಲ್ಲಿದ್ದಲೇ. ಅದೂ ಲೋಡ್‌ಶೆಡ್ಡಿಂಗ್ ಇಲ್ಲದಿದ್ರೆ."

"ಅದಕ್ಕೇ ತಾರಸಿ ಮೇಲೆ ಸೌರ ಫಲಕ."

"ಮೋಡ ಬಂದ್ರೆ?"

"ಅವತ್ತು ರಜ. ಮಾಲು ಕಮ್ಮಿಯೇ ಆಗತ್ತೆ, ಸುಳ್ಳು ಹೇಳಲ್ಲ. ಆಂಟಿ ನೀರುದೋಸೆಗೆ ಅವತ್ತಿಗೆ ಬೇಕಾದಷ್ಟೇ ರುಬ್ತಾರಲ್ಲ, ಹಾಗೇ ಗ್ಯಾಸೂ. ಕೂಡಿಡಬಾರದು. ಹತ್ರ ಬೀಡಿ, ಬೆಂಕಿ ಬೇಡ. ಗಾಳಿಯಾಡೋ ಜಾಗ ಬೇಕು. ಪುಡಿ ಒಣಗಿದ್ರೆ ತಾನೇ ಬೆಂಕಿ ಹೊತ್ಕೊಳತ್ತೆ, ಒದ್ದೆಯಾಗಿಡಿ. ತಿಳಿದವರು ಪಕ್ಕದಲ್ಲಿಲ್ಲದೆ ಕೈ ಹಾಕ್ಬೇಡಿ."

ರಘುಪತಿ ಕಣ್ಣು ಮುಚ್ಚಿಕೊಂಡರು. "ನಂಗೆ ಐವತ್ತೆಂಟು. ಹೊಸತು ಕಲಿಯುವ ತ್ರಾಣ ಇಲ್ಲ."

ಮುಕ್ತಾ ಖಾಲಿ ಕೊಡ ತಂದು ಅವರ ಮುಂದಿಟ್ಟರು. "ತ್ರಾಣ ನನಗೆ ಮಾತ್ರ ಉಂಟಾ? ನಾಳೆಯಿಂದ ನೀವೇ ಹೊರಿ."

ನಾಲ್ಕು ದಿನ ಹೊತ್ತರು. ಐದನೆಯ ದಿನ ವಿಶಾಲಾಕ್ಷಿಯ ಪ್ರಯೋಗಾಲಯಕ್ಕೆ ಹೋಗಿ ನಿಂತು ನೋಡಿದರು. ಕೆಲಸ ಮುಗಿದು ಸೋಸಿದ ಮೇಲೆ ಉಳಿದದ್ದು ಮತ್ತೆ ಬಳಸುವ ಚಮಚದಷ್ಟು ಕಪ್ಪು ಪುಡಿ. ಅಲ್ಲಿಂದ ನೇರ ಕೇರಿಯವರ ಬಳಿ ಬಂದು, "ಕಬ್ಬಿಣ ಕುದಿಸುವುದು ಇವತ್ತಿಗೆ ಮುಗಿಯಿತು. ತುಂಬಿದ ಕೆಸರನ್ನು ನಾನೇ ತೆಗೆಸುತ್ತೇನೆ," ಎಂದರು. ಚಳಿಗಾಲದವರೆಗೆ ಗಡುವು ಸಿಕ್ಕಿತು. ಈಗ ತಾರಸಿಯ ಮೇಲೆ ಫಲಕಗಳಿವೆ, ಕೆಳಗೆ ಒಂದೇ ಒಂದು ಸಣ್ಣ ಪಾತ್ರೆ. ಮಾಲು ಮೊದಲಿನ ಕಾಲುಭಾಗ. ಆದರೂ ಕಾರ್ಖಾನೆ ಉಳಿದಿದೆ. ಕೆಸರು ಅಗೆದು, ವಿಷದ ಕಸ ಹೂಳುವ ಜಾಗಕ್ಕೆ ಸಾಗಿಸಿದ್ದಾಯಿತು. ನೆಲಕ್ಕಿಳಿದದ್ದು ಅಗೆದರೆ ಬರುವುದಿಲ್ಲ; ಕೈಪಂಪಿನ ನೀರು ಇನ್ನೂ ಕೆಂಪೇ.

ಕಾರ್ಖಾನೆ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ಒಮ್ಮೆ ನಿಮ್ಮ ಹಿಂಬಾಗಿಲಿಗೆ ಹೋಗಿ ನೋಡಿ. ನಿಮ್ಮ ಕೆಲಸಕ್ಕೆ ಹೈಡ್ರೋಜನ್ ಬೇಕಾದರೆ, ಅದು ಎಲ್ಲಿಂದ ಬರುತ್ತದೆ, ಅದರ ಹಿಂದೆ ಏನು ಉಳಿಯುತ್ತದೆ ಎಂದು ತಿಳಿದವರನ್ನು ಕೇಳಿ. ನೀರು, ಬಿಸಿಲಿನಿಂದ ಒಂದು ಸಣ್ಣ ಪಾತ್ರೆಯಷ್ಟಾದರೂ ಶುರುಮಾಡಿ. ಕೆಸರು ಸುರಿಯಲು ಒಂದು ಬುಟ್ಟಿ ಸಾಕು. ಆಮೇಲೆ ಏನಾಗುತ್ತದೆಂದು ರಘುಪತಿಯವರನ್ನು ಕೇಳಿ. ಬೆಳಿಗ್ಗೆ ಮೂರು ಓಣಿ ಆಚೆ ಸಿಗುತ್ತಾರೆ, ಕೊಡ ಹಿಡಿದುಕೊಂಡು.