ಮೇಜು ಸುತ್ತಿ

ಪರ್ರ್ ಅಂತ ಟೇಪು ಹರಿದ ಸದ್ದು, ಅದೊಂದು ಸದ್ದಿಗೆ ಮಾತ್ರ ಅವನ ಮೈ ಇನ್ನೂ ಎಚ್ಚರಾಗತ್ತೆ, ಉಳಿದದ್ದಕ್ಕೆಲ್ಲ ಬರೀ ಆಕಳಿಕೆ — ತಲೆ ಮೇಲೆ ಜನ ಬೆಂಚು ತುಳಿದು ಕೂರುವ ದಡಬಡ, ಗೋಡೆಯಾಚೆ ಯಾರೋ ನಿಲ್ಲಿಸದೆ ಹೋದ ನಲ್ಲಿ, ಮುಲಾಮಿನ ಘಾಟು, ಅಯ್ಯೋ ಈ ಘಾಟಿನಲ್ಲೇ ಅರ್ಧ ಆಯಸ್ಸು ಹೋಯ್ತಲ್ಲ, ಮದುವೆಯಾದ ಹೊಸತರಲ್ಲಿ ಹೆಂಡತಿ ದಿಂಬು ಮೂಸಿ ನಿಮ್ಮ ಜೊತೆ ಮಲಗೋದೂ ಒಂದೇ ಔಷಧಿ ಅಂಗಡೀಲಿ ಮಲಗೋದೂ ಒಂದೇ ಕಣ್ರೀ ಅಂದಿದ್ದಳು, ಆಗ ಇಬ್ಬರೂ ನಕ್ಕಿದ್ದರು, ಈಗ ಬಾಕ್ಸಿಂಗ್ ಪಂದ್ಯ ಅಂದರೆ ಸಾಕು, ಪಾತ್ರೆ ತಿಕ್ಕೋಕೆ ನಿಲ್ಲುತ್ತಾಳೆ, ತೊಳೆದದ್ದನ್ನೇ ಮತ್ತೆ ತಿಕ್ಕುತ್ತಾಳೆ. ಬಲಗಡೆ ಸ್ಟೂಲು ಹಾಕಿಕೊಂಡು ಉಸ್ತಾದ ಕೂತು ಕೈಗೆ ಪಟ್ಟಿ ಕಟ್ಟುತ್ತಿದ್ದಾನೆ, ಯಾವತ್ತೂ ಬಲಗೈ ಮೊದಲು, ಅದು ಮುಗಿದ ಮೇಲೆ ಸ್ಟೂಲು ಎತ್ತಿಕೊಂಡು ಎಡಗಡೆಗೆ ಹೋಗಿ ಎಡಗೈ, ಇಷ್ಟು ವರ್ಷದಲ್ಲಿ ಒಂದು ಸಲವೂ ಆಚೆ ಈಚೆ ಆಗಿದ್ದಿಲ್ಲ, ಮಣಿಕಟ್ಟಿಗೆ ಸುತ್ತು, ಹೆಬ್ಬೆರಳ ಹಿಂದಿನಿಂದ ಎಳೆದು ಗೆಣ್ಣಿನ ಮೇಲೆ ಸುತ್ತು, ಬಿಗಿ ಆಯ್ತೇನೋ ಮಗಾ, ಇಲ್ಲ ಉಸ್ತಾದ್, ಮುಷ್ಟಿ ಕಟ್ಟು, ಕಟ್ಟಿದ, ಬಿಡು, ಬಿಟ್ಟ — ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನ ಹೆಗಲು ತಟ್ಟಿ ಲೇ ಕಂಬ, ಎಷ್ಟು ದಿನ ಅಂತ ಕಂಡೋರ ಭಾರ ಹೊರ್ತೀಯೋ ಅಂತ ಕರೆದುಕೊಂಡು ಬಂದಾಗಿನಿಂದ ಇದೇ ಮಾತು. ಕಂಬ ಅನ್ನೋ ಹೆಸರೂ ಅವತ್ತಿನದೇ, ಆಮೇಲೆ ಪೋಸ್ಟರಿನ ನೆತ್ತಿಯ ಮೇಲೆ ಬಂತು, ಈಗ ಪೋಸ್ಟರಿನ ಪಾದದ ಹತ್ತಿರ ಇದೆ, ಕನ್ನಡಕ ಹಾಕಿಕೊಂಡು ಹುಡುಕಬೇಕು, ಕನ್ನಡಕ, ಥೂ, ಆ ಮಾತು ಈಗ ಬೇಡ.

ಕುರ್ಚಿಯೂ ಕಿರ್ ಅನ್ನುತ್ತೆ, ಅದಕ್ಕೂ ಸುಸ್ತು, ಹೆವಿವೇಯ್ಟು ಅಂದರೆ ಕುರ್ಚಿಗೂ ಕಷ್ಟ, ದರ್ಜಿಗೂ ಕಷ್ಟ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನಿಗೂ ಕಷ್ಟ. ಗೆದ್ದಿದ್ದನಪ್ಪಾ, ಸುಳ್ಳಲ್ಲ, ಚಾಂಪಿಯನ್ ಬೆಲ್ಟು ಇನ್ನೂ ಮನೇಲಿದೆ, ಮಗಳು ಅದನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ಅದರ ಮೇಲೆ ಆಟಿಕೆ ಬಸ್ಸು ಓಡಿಸುತ್ತಾಳೆ, ನಡುವಿನ ಹಿತ್ತಾಳೆ ತಗಡು ಬಸ್ ಸ್ಟ್ಯಾಂಡು, ಇಳೀರಿ ಇಳೀರಿ ಬೇಗ ಇಳೀರಿ — ಆ ತಗಡಿಗಾಗಿ ಮೂಗು ಮುರಿಸಿಕೊಂಡದ್ದು, ಪಕ್ಕೆಲುಬು ಬಿರಿದದ್ದು, ಬೆಳಕು ಹರಿಯೋ ಮುಂಚೆ ಓಡಿದ್ದು, ಚಾಂಪಿಯನ್ ಪಟ್ಟ ಕಳಕೊಂಡ ಸಂಜೆ ಇದೇ ಥರದ ಕೋಣೇಲಿ ಟವೆಲಿನೊಳಗೆ ಮುಖ ಹುದುಗಿಸಿ ಹಸುಳೆ ಥರ ಅತ್ತದ್ದು, ಹೊಡೆದ ಏಟೆಲ್ಲ ಮರೆತುಹೋಯ್ತು, ತಿಂದ ಏಟು ಮಾತ್ರ ಚಳಿ ಬಿದ್ದಾಗ ಒಂದೊಂದಾಗಿ ಬಂದು ಮಾತಾಡಿಸಿಕೊಂಡು ಹೋಗತ್ತೆ. ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಕಣಯ್ಯಾ, ಪಂದ್ಯ ಏರ್ಪಡಿಸುವವನು ನಕ್ಕೊಂಡೇ ಅಂದಿದ್ದ, ಹೊಸ ಹುಡುಗ ಮೇಲೇಳಬೇಕಾದ್ರೆ ನಿನ್ನಂಥ ಹೆಸರೊಂದು ಬೀಳಬೇಕು, ಬೇಜಾರು ಮಾಡ್ಕೋಬೇಡ. ಬೇಜಾರೇನೂ ಇಲ್ಲ, ಬೇಜಾರಾಗೋಕೂ ತ್ರಾಣ ಬೇಕಲ್ಲ, ಇವತ್ತಿನ ಹುಡುಗನದು ಬಲಗೈ ಭಾರ, ಅದು ಬರೋದು ಇವನ ಎಡಗಡೆಗೆ, ಎಡಗಡೆ ಏನಿದೆ ಅಲ್ಲಿ, ಹೊಗೆ ಬಿಟ್ಟರೆ.

ಹೌದು ಹೊಗೆ, ಒಲೆ ಹೊಗೆ ಥರ, ಹೋದ ಪಂದ್ಯದ ರಾತ್ರಿಯಿಂದಲೇ ಎಡಗಣ್ಣ ತುಂಬ ಅದೇ. ಊರಿನ ಆ ತುದಿಯ ಕಣ್ಣಿನ ಡಾಕ್ಟರಮ್ಮನ ಹತ್ತಿರ ಟೋಪಿ ಇಳಿಸಿಕೊಂಡು ಕಳ್ಳನ ಹಾಗೆ ಹೋಗಿದ್ದ, ಇನ್ನೊಂದು ಏಟು ಬಿದ್ರೆ ಈ ಮಬ್ಬು ಬೆಳಕೂ ಹೋಗತ್ತೆ ನೋಡಿ, ಆಪರೇಷನ್ ಮಾಡಿದ್ರೆ ಸ್ವಲ್ಪ ಉಳಿಸಬಹುದು, ಆದ್ರೆ ರಿಂಗ್ ಕಡೆ ತಲೆ ಹಾಕಿ ಮಲಗಬಾರದು ನೀವು. ಸರಿ ಅಂದ, ಮನೆಗೆ ಬಂದ, ಯಾರಿಗೂ ಹೇಳಲಿಲ್ಲ, ಗುದ್ದೋದು ಬಿಟ್ಟು ಇನ್ನೇನು ಬರತ್ತೆ ಇವನಿಗೆ, ಸೊಂಟ ಮೂಟೆಗೂ ಬಗ್ಗಲ್ಲ ಈಗ. ಬೆಳಿಗ್ಗೆ ಪಂದ್ಯದ ಡಾಕ್ಟರು ಒಂದು ಕಣ್ಣು ಮುಚ್ಚಿ ಓದಿ ಅಂದ, ಎಡಗೈಯಿಂದ ಎಡಗಣ್ಣು ಮುಚ್ಚಿ ಗಟ್ಟಿಯಾಗಿ ಓದಿದ, ಇನ್ನೊಂದು ಅಂದ, ಬಲಗೈ ಎತ್ತಿ ಮತ್ತೆ ಎಡಗಣ್ಣನ್ನೇ ಮುಚ್ಚಿ ಅದನ್ನೇ ಓದಿದ, ಭೇಷ್ ಅಂದ ಡಾಕ್ಟರು, ಗಡಿಯಾರ ನೋಡ್ಕೋತಾ. ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದೇ, ಅದೂ ಕಣ್ಣು ನೋಡೋವನ ಕಣ್ಣಿಗೆ. ಆದರೆ ಮಗಳ ಕಣ್ಣಿಗೆ ಎರಚೋಕೆ ಆಗಿರಲಿಲ್ಲವಲ್ಲ, ಮುಂದಿನ ಹಲ್ಲು ಬಿದ್ದ ಆ ಚೋಟುದ್ದದವಳು, ಇವನು ಕನ್ನಡಿ ಮುಂದೆ ಇದನ್ನೇ ಅಭ್ಯಾಸ ಮಾಡ್ತಿದ್ದ ದಿನಗಳಲ್ಲೊಮ್ಮೆ, ಡಾಕ್ಟರ್ ಆಟ ಆಡೋಣ ಬಾಪ್ಪಾ ಅಂತ ಕೂರಿಸಿ ಪುಸ್ತಕ ಎತ್ತಿ ಹಿಡಿದಳು, ಒಂದು ಕಣ್ಣು ಮುಚ್ಕೊಳ್ಳಿ, ಹೂಂ, ಈಗ ಇನ್ನೊಂದು, ಕೈ ತಂತಾನೇ ಅಭ್ಯಾಸದಂತೆ ಹೋಯ್ತು, ಆಟ ಅನ್ನೋದೇ ಮರೆತು ಹೋಯ್ತು, ಅವಳು ಕತ್ತು ವಾಲಿಸಿ ನೋಡಿದಳು — ಅಪ್ಪಾ, ಕೈ ಬದಲಾಯ್ತು, ಕಣ್ಣು ಬದಲಾಗ್ಲಿಲ್ಲ. ಶ್, ಅಮ್ಮಂಗೆ ಹೇಳ್ಬೇಡ ಕಂದಾ. ಹೇಳಲಿಲ್ಲ. ಊಟದ ಮೇಜಿಗೆ ಅವಳ ಕುರ್ಚಿ ಇವನ ಎಡಗಡೆ, ಮುಂಚೆ ಎಡಗಡೆಯಿಂದಲೇ ಬಂದು ತೋಳು ಹಿಡೀತಿದ್ದಳು, ಒಂದು ದಿನ ಹಾಗೆ ಹೊಗೆಯೊಳಗಿಂದ ಏನೋ ಮುಟ್ಟಿದ ಹಾಗಾಗಿ ಇವನ ಮೊಣಕೈ ಧಡ್ ಅಂತ ಎದ್ದು ಹಾಲಿನ ಲೋಟ ಹಾರಿ ಗೋಡೆಗೆ ಹೊಡೆದಿತ್ತು, ಲೋಟಕ್ಕೆ ಬಿತ್ತು ಸದ್ಯ, ಅವಳ ಮುಖಕ್ಕೆ ಬಿದ್ದಿದ್ದರೆ, ದೇವರೇ. ಆ ಆಟ ಆಡಿದ ಮೇಲೆ ಹಾಗೆ ಬರೋದೇ ಇಲ್ಲ, ಕುರ್ಚಿ ಇಳಿದು ಮೇಜಿನ ಅಂಚು ಹಿಡಿದು, ಅಮ್ಮನ ಕುರ್ಚಿ ದಾಟಿ, ಕಿಟಕಿ ದಾಟಿ, ಸುತ್ತಿ ಬಲಗಡೆಗೆ ಬಂದು, ಇವನು ನೋಡೋವರೆಗೂ ಕಾದು, ಆಮೇಲೆ ಅಪ್ಪಾ ಅಂತಾಳೆ. ಯಾಕೇ ಸುಮ್ನೆ ಸುತ್ತು ಹಾಕ್ತೀಯಾ ಅಂತ ಅಮ್ಮ ಗದರಿದರೆ, ನಂಗಿಷ್ಟ.

ಬಲಗೈ ಮುಗೀತು. ಎಡಗೈ ಕೊಡೋ ಮಗಾ. ಕೊಟ್ಟ, ಕೋಣೆಯ ಬಾಗಿಲ ಕಡೆ ನೋಡ್ತಾ, ಹೊರಗೆ ಯಾರದೋ ಹೆಸರು ಕೂಗ್ತಿದ್ದಾರೆ, ಆ ಹುಡುಗನದೇ ಇರಬೇಕು, ತೋಳೇಕೋ ಎಳೀತಿದೆ, ಮೈಮೇಲಿಂದ ಅಡ್ಡ ಹೋಗಿದೆಯಲ್ಲ ತೋಳು, ಯಾಕೆ — ಉಸ್ತಾದ ಎದ್ದಿಲ್ಲ. ಸ್ಟೂಲು ಎತ್ತಿಲ್ಲ. ಬಲಗಡೆಯೇ ಕೂತು ಇವನ ಎಡಗೈಯನ್ನು ಈಚೆಗೆ ಎಳೆದುಕೊಂಡು ಕಟ್ಟುತ್ತಿದ್ದಾನೆ. ಗೊತ್ತಾ ಉಸ್ತಾದ್ ನಿಮಗೆ? ಏನೋ? ನನ್ನ ಕಣ್ಣು. ಬ್ಯಾಂಡೇಜಿನ ಸುರುಳಿ ಒಂದು ಗಳಿಗೆ ನಿಂತಿತು, ಮತ್ತೆ ಸುತ್ತತೊಡಗಿತು, ಹೋದ ಸಲ ಐಸು ಒತ್ತುವಾಗ್ಲೇ ಗೊತ್ತಾಯ್ತು ಕಣೋ, ಯಾರಿಗೂ ಹೇಳಿಲ್ಲ, ನೀನು ಎಡಗೈ ಗಲ್ಲಕ್ಕೆ ಅಂಟಿಸ್ಕೊಂಡಿರು, ಅವನ ಬಲಗೈ ಎದ್ದಾಗೆಲ್ಲ ನಾನು ಕೂಗ್ತೀನಿ, ಕಿವಿಗೊಟ್ಟು ಆಡು, ಇದೊಂದು ಪಂದ್ಯ, ಆಮೇಲೆ ಮನೆ. ಗೊತ್ತಿದ್ದೂ. ತಂದೆ ಥರ ಅಂದುಕೊಂಡಿದ್ದನಲ್ಲ, ಗೊತ್ತಿದ್ದೂ ಕಟ್ಟುತ್ತಿದ್ದಾನೆ, ಗೆಣ್ಣಿನ ಮೇಲೆ ಎಷ್ಟು ನಾಜೂಕಾಗಿ, ಎಷ್ಟು ಅಕ್ಕರೆಯಿಂದ, ಸಿಟ್ಟು ಬರುತ್ತೆ ಅಂತ ಕಾದ, ಅದೂ ಬರಲಿಲ್ಲ, ಅಳು ಬಂತು. ಬಿಗಿ ಆಯ್ತೇನೋ ಮಗಾ. ಬಾಗಿಲು ಬಡಿದರು, ಹೊತ್ತಾಯ್ತು, ಗ್ಲೌಸು ಹಾಕಿ. ಮುಷ್ಟಿ ಕಟ್ಟು. ಬೆರಳು ಬಿಡಿಸಿಕೊಂಡೇ ಇವೆ. ಕಟ್ಟೋ. ಬಿಚ್ಚಿ ಉಸ್ತಾದ್. ಏನಂದೆ? ಬಿಚ್ಚಿ, ಎರಡೂ. ಬಾಗಿಲು ಮತ್ತೆ ಬಡಿಯಿತು, ಉಸ್ತಾದ ಏನೋ ಹೇಳುತ್ತಿದ್ದಾನೆ, ಬಾಯಿ ಆಡುವುದು ಕಾಣುತ್ತೆ, ಕೇಳಿಸಲ್ಲ, ಮನಸ್ಸಿನಲ್ಲಿ ಮಗಳು ಕುರ್ಚಿ ಇಳಿದಳು, ಮೇಜಿನ ಅಂಚು ಹಿಡಿದಳು, ಅಮ್ಮನ ಕುರ್ಚಿ ದಾಟಿ, ಕಿಟಕಿ ದಾಟಿ, ಬಂದು ನಿಂತಿದ್ದಾಳೆ, ಬಲಗಡೆ, ಇವನು ನೋಡಲಿ ಅಂತ.